ಎರಡು ಕಡಲಿನ ಉಪ್ಪು

ಜನವರಿ ೯, ಗುರುವಾರ

ಇವತ್ತೂ ರೂನಾಳ ಕುರ್ಚಿ ಖಾಲಿ. ಅಕ್ಟೋಬರಿನ ರಜೆ ಮುಗಿದ ಮೇಲೆ ಈ ಹುಡುಗಿ ಶಾಲೆಯ ಮೆಟ್ಟಿಲು ಹತ್ತಿಲ್ಲ. ಒಂಬತ್ತನೇ ತರಗತಿ ಬೇರೆ. ಜೂನ್ ತಿಂಗಳಲ್ಲಿ ಪರೀಕ್ಷೆಗೆ ಬಾರದಿದ್ದರೆ ಮುಂದಿನ ಓದಿನ ಬಾಗಿಲು ಮುಚ್ಚಿದಂತೆಯೇ.

ಕಾರಣ ಎಲ್ಲರಿಗೂ ಗೊತ್ತು. ನನ್ನ ವಿಜ್ಞಾನದ ತರಗತಿಯಲ್ಲೇ ಅವಳು ಎದ್ದು ನಿಂತು ಪ್ರಯೋಗ ವಿವರಿಸುತ್ತಿದ್ದಾಗ ಯಾರೋ ಮೇಜಿನ ಕೆಳಗಿನಿಂದ ಮೊಬೈಲಿನಲ್ಲಿ ಹಿಡಿದರು. ರೂನಾ ಬಾರ್ನ್‌ಹೋಲ್ಮ್ ದ್ವೀಪದವಳು, ತಾಯಿಯ ಜೊತೆ ದೇಶದ ಆ ತುದಿಯಿಂದ ಈ ತುದಿಗೆ ಬಂದವಳು. ದ್ವೀಪದವರ ಮಾತು ಎಳೆದೆಳೆದು ಹಾಡಿದ ಹಾಗಿರುತ್ತದೆ. ನಮ್ಮ ಲೆಮ್ವಿಗಿನವರೋ ಅರ್ಧ ಮಾತನ್ನು ಗಂಟಲಲ್ಲೇ ನುಂಗುವ ಜನ. ಅವಳ ಒಂದೇ ವಾಕ್ಯವನ್ನು ಮತ್ತೆ ಮತ್ತೆ ತಿರುಗಿಸಿ, ಹಿಂದೆ ಡೋಲು ಬಡಿಸಿ, ತರಗತಿಯ ಗ್ರೂಪಿಗೆ ಹಾಕಿದರು. ಸಂಜೆಯೊಳಗೆ ಊರಿನ ಮಕ್ಕಳೆಲ್ಲ ನೋಡಿ ನಕ್ಕಾಗಿತ್ತು. ನಾನು ಅದೇ ಕೋಣೆಯಲ್ಲಿದ್ದೆ, ಕಣ್ಣಿಗೆ ಏನೂ ಬೀಳಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಈಗ ಬೆಳಿಗ್ಗೆ ಬಾಗಿಲಲ್ಲೇ ಎಲ್ಲರ ಮೊಬೈಲು ಮರದ ಪೆಟ್ಟಿಗೆಗೆ. ನಾನೇ ಹಟ ಹಿಡಿದು ತಂದ ನಿಯಮ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಇರಲಿ.

ರೂನಾಳ ತಾಯಿ ಕಾರ್ನಾಗೆ ಫೋನ್ ಮಾಡಿದೆ. ಮೀನಿನ ಶೈತ್ಯಾಗಾರದಲ್ಲಿ ಕೆಲಸ ಅವಳಿಗೆ, ಹಿಂದೆ ಯಂತ್ರದ ಗದ್ದಲ.

"ಪಾಠ ಬೇಕಂತೆ, ಶಾಲೆ ಬೇಡ್ವಂತೆ. ನಾನೇನ್ ಮಾಡ್ಲಿ ಹೇಳು ವಿಬೆಕೆ? ಎತ್ಕೊಂಡ್ ಬಂದು ಕೂರ್ಸಕ್ಕೆ ಅವಳೇನು ಎಳೇ ಮಗುನಾ?"

ಸಂಜೆಯೆಲ್ಲ ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆ ತುಂಬ ತಿರುಗಿದೆ.

ಜನವರಿ ೧೨, ಭಾನುವಾರ

ಪಾಠ ಬೇಕು, ಶಾಲೆ ಬೇಡ. ಹಾಗಾದರೆ ಪಾಠವೇ ಅವಳ ಮನೆಗೆ ಹೋಗಲಿ.

ಹಿಮ ಬಿದ್ದ ರಸ್ತೆಗೆ ಉಪ್ಪು ಯಾಕೆ ಸುರಿಯುತ್ತಾರೆ ಅಂತ ಅಡುಗೆಮನೆಯಲ್ಲೇ ಮಾಡಿ ತೋರಿಸಿದೆ. ಹೆರಿಂಗ್ ಮೀನು ನೆನೆಹಾಕುವ ಬಟ್ಟಲು, ಐಸು, ಉಪ್ಪು, ಒಂದು ಥರ್ಮಾಮೀಟರು. ಮೊಬೈಲು ಹಿಡಿಯಲು ನನ್ನ ಗಂಡ ಐಲರ್.

"ನಿನ್ ಗದ್ದ ಮಾತ್ರ ಬರ್ತಿದೆ ಮಾರಾಯ್ತಿ."

"ಪಾಠ ಮಾಡೋದು ಗದ್ದ ಅಲ್ಲ. ಕೈ ತೋರ್ಸು!"

ಒಂದು ನಿಮಿಷದ ವಿಡಿಯೊಗೆ ಮಧ್ಯಾಹ್ನವೆಲ್ಲ ಹೋಯಿತು. ರೂನಾ ಒಬ್ಬಳಿಗೇ ಕಳಿಸಿದೆ. ಕಾಫಿ ಕುಡಿಯುವಾಗ ಅವಳಿಂದ ಎತ್ತಿದ ಹೆಬ್ಬೆರಳಿನ ಒಂದು ಚಿಹ್ನೆ ಬಂತು. ಅಷ್ಟೇನಾ ಅಂದುಕೊಳ್ಳುತ್ತಿದ್ದೆ, ಹಿಂದೆಯೇ ಒಂದು ಪ್ರಶ್ನೆ: "ಐಸ್ ಕರಗ್ತಾ ಇದ್ರೆ ಬಿಸಿ ಆಗ್ಬೇಕಲ್ವಾ, ಇನ್ನೂ ತಣ್ಣಗೆ ಯಾಕಾಗುತ್ತೆ?"

ತರಗತಿಯಲ್ಲಿ ಕೂತವರು ಒಬ್ಬರೂ ಕೇಳದ ಪ್ರಶ್ನೆ! ಖುಷಿಗೆ ಐಲರನ ಬೆನ್ನಿಗೆ ಗುದ್ದಿದೆ.

ಜನವರಿ ೨೭, ಸೋಮವಾರ

ಈಗ ರೂನಾ ಬರೆಯುವುದಿಲ್ಲ, ಮಾತಾಡಿಯೇ ಕಳಿಸುತ್ತಾಳೆ. ಶಾಲೆಯಲ್ಲಿ ತುಟಿ ಬಿಚ್ಚದವಳು ನನ್ನ ಹತ್ತಿರ ಗಂಟಲು ಬಿಚ್ಚಿ ವಾದ ಮಾಡುತ್ತಾಳೆ. ಇವತ್ತಿನದು ಹೀಗಿತ್ತು:

"ವಿಬೆಕೆ, ಇದನ್ನೆಲ್ಲ ನಂಗೊಬ್ಳಿಗೇ ಯಾಕ್ ಮಾಡ್ತೀಯಾ? ನನ್ ಥರ ಮನೇಲಿ ಕೂತಿರೋರು ದೇಶದ್ ತುಂಬಾ ಇದಾರೆ. ಎಲ್ರಿಗೂ ಹಾಕು. ಹೆಂಗೆ ಅಂತ ನಾನ್ ಹೇಳ್ಕೊಡ್ತೀನಿ, ಹೆದರ್ಬೇಡ."

ನಮ್ಮಲ್ಲಿ ಮಕ್ಕಳು ಟೀಚರನ್ನು ಹೆಸರು ಹಿಡಿದು ಕರೆಯುವುದೇನೋ ಸರಿ, ಇವಳು ಟೀಚರಿಗೇ ಹೆದರಬೇಡ ಅನ್ನುತ್ತಾಳೆ. ಖಾತೆ ತೆರೆಯುವುದು, ಬೆಳಕಿಗೆ ಎದುರಾಗಿ ನಿಲ್ಲುವುದು, ಮೊದಲ ಮಾತಿನಲ್ಲೇ ಕುತೂಹಲ ಹುಟ್ಟಿಸುವುದು, ಎಲ್ಲ ಅವಳೇ ಕಲಿಸಿದಳು. ಹೆಸರು 'ವಿಬೆಕೆಯ ಅಡುಗೆಮನೆ'. ಮಕ್ಕಳ ಮೊಬೈಲು ಪೆಟ್ಟಿಗೆಗೆ ಹಾಕಿಸಿದವಳು ನಾನು! ಕ್ರೆಸ್ಟೆನ್‌ಗೆ ತಿಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಪಕ್ಕದ ಕೋಣೆಯಲ್ಲಿ ಜೀವಶಾಸ್ತ್ರ ಹೇಳುವವನು, ನನ್ನ ಹಳೇ ಸ್ನೇಹಿತ, ನಾಲಿಗೆಗೆ ಎಲುಬಿಲ್ಲದವನು.

ಫೆಬ್ರವರಿ ೧೩, ಗುರುವಾರ

ಚಳಿಗಾಲದ ರಜೆ. ಓಡೆನ್ಸೆಯ ಆಸ್ಪತ್ರೆಯಲ್ಲಿ ಮಲಗಿರುವ ಒಬ್ಬ ಹುಡುಗ ನನ್ನ ಎಲ್ಲ ವಿಡಿಯೊ ನೋಡಿದ್ದಾನಂತೆ. ಸ್ಕೀವೆಯ ಒಬ್ಬ ತಾಯಿ, "ನನ್ನ ಮಗಳಿಗೆ ಅಣು ಅಂದರೇನು ಅಂತ ಈಗ ಅರ್ಥವಾಯಿತು, ನನಗೂ" ಅಂತ ಬರೆದಿದ್ದಾಳೆ. ಓದುತ್ತಾ ಕಣ್ಣು ತುಂಬಿ ಬಂತು. ಇಷ್ಟು ವರ್ಷ ನಾಲ್ಕು ಗೋಡೆಯ ನಡುವೆ ಅರಚಿದ್ದು ಸಾರ್ಥಕ ಅನ್ನಿಸಿತು.

ಒಬ್ಬ ಮಾತ್ರ, "ಅಜ್ಜೀ, ಆ ಸ್ವೆಟರ್ ಬಿಸಾಕು" ಅಂದಿದ್ದಾನೆ. ಸ್ವೆಟರ್‌ಗೆ ಏನಾಗಿದೆ? ಚೆನ್ನಾಗಿಯೇ ಇದೆ.

ಫೆಬ್ರವರಿ ೧೫, ಶನಿವಾರ

ಒಂದು ನೀಲಿ ಸ್ವೆಟರ್ ತಂದೆ. ಹಳೆಯದು ಮೊಣಕೈಯಲ್ಲಿ ಹೇಗೂ ಸವೆದಿತ್ತು.

ಮಾರ್ಚ್ ೭, ಶುಕ್ರವಾರ

ಮಾನ ಹೋಯಿತು. ಪ್ರತಿ ಶುಕ್ರವಾರ ಶಿಕ್ಷಕರಲ್ಲಿ ಒಬ್ಬರು ಮನೆಯಿಂದ ಕೇಕು ಮಾಡಿ ತರುವ ರೂಢಿ. ಇವತ್ತು ನನ್ನ ಸರದಿಯಾಗಿತ್ತು, ಮರೆತೆ.

ಶಿಕ್ಷಕರ ಕೋಣೆಯಲ್ಲಿ ಎಲ್ಲರೂ ಕಾಫಿ ಬಗ್ಗಿಸಿಕೊಂಡು, ತಟ್ಟೆ ಮುಂದಿಟ್ಟುಕೊಂಡು, ಬಾಗಿಲು ನೋಡುತ್ತ ಕೂತಿದ್ದಾರೆ. ನಾನು ಬರಿಗೈಯಲ್ಲಿ ಒಳಗೆ ಬಂದೆ, ಮೊಬೈಲು ನೋಡುತ್ತಾ! ಮದುವೆಯಾದ ವಾರದಲ್ಲೂ, ಅಪ್ಪ ತೀರಿಕೊಂಡ ವಾರದಲ್ಲೂ ಶುಕ್ರವಾರದ ಕೇಕು ತಪ್ಪಿಸದವಳು ನಾನು. ಪೆಟ್ರೋಲ್ ಬಂಕಿನ ಅಂಗಡಿಗೆ ಓಡಿ, ಪ್ಲಾಸ್ಟಿಕ್ ಸುತ್ತಿದ ಒಂದು ಒಣಕಲು ಕೇಕು ತಂದಿಟ್ಟೆ. ಯಾರೂ ಏನೂ ಅನ್ನಲಿಲ್ಲ. ನಮ್ಮವರು ಏನೂ ಅನ್ನದಿದ್ದರೆ ಬಹಳ ಅಂದಂತೆ. ಇವಳೇನು ತನ್ನನ್ನು ಯಾರೋ ದೊಡ್ಡ ಮನುಷ್ಯಳು ಅಂದುಕೊಂಡಿದ್ದಾಳಾ ಅನ್ನುವುದು ಒಂದೊಂದು ಮುಖದಲ್ಲೂ ಇತ್ತು.

ಬಾಯಿ ಬಿಟ್ಟವನು ಕ್ರೆಸ್ಟೆನ್ ಒಬ್ಬನೇ. "ಬಿಡ್ರಪ್ಪಾ, ಫೇಮಸ್ಸಾದೋರು ಕೇಕ್ ಮಾಡಲ್ಲ, ಅವರಿಗೆ ಬೇರೆಯೋರು ಮಾಡ್ತಾರೆ. ಹುಡುಗರ ಮೊಬೈಲು ಪೆಟ್ಟಿಗೇಲಿ, ಟೀಚರ್ ಮೊಬೈಲು ಕೈಯಲ್ಲಿ. ಹೇಳೋದು ಶಾಸ್ತ್ರ, ಹಾಕೋದು ಗಾಳ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಮೈಯೆಲ್ಲ ಉರಿಯಿತು. ಸುಮ್ಮನೆ ಮೋಜಿಗೆ ಮಾಡುತ್ತೇನಾ ನಾನು?

ರೂನಾಳಿಂದ ಮೂರು ಸಂದೇಶ ಬಂದಿವೆ, ಉದ್ದುದ್ದದವು. ನಾಳೆ ನಿಧಾನವಾಗಿ ಕೇಳುತ್ತೇನೆ.

ಮಾರ್ಚ್ ೧೧, ಮಂಗಳವಾರ

ತುಕ್ಕಿನ ವಿಡಿಯೊ ಓಡಲೇ ಇಲ್ಲ. ಹೋದ ವಾರದ್ದರ ಅರ್ಧ ಜನವೂ ನೋಡಿಲ್ಲ. ಬೆಳಕು ಸರಿ ಇರಲಿಲ್ಲವೋ, ತುಕ್ಕು ಯಾರಿಗೂ ಬೇಡವೋ? ಆರನೇ ತರಗತಿಯ ಪಾಠದ ನಡುವೆ ಅದೇ ಯೋಚನೆ. ಒಬ್ಬಳು ಕೈ ಎತ್ತಿಕೊಂಡೇ ಇದ್ದಳಂತೆ, ಪಕ್ಕದವನು ಹೇಳಿದ ಮೇಲೆ ನೋಡಿದೆ.

ರೂನಾಳ ಸಂದೇಶ ಕೇಳಿದೆ. ಪರೀಕ್ಷೆಗೆ ತಾನೇ ಒಂದು ಪ್ರಯೋಗ ಯೋಚಿಸಿದ್ದಾಳಂತೆ, ಏನು ಅಂತ ಈಗಲೇ ಹೇಳುವುದಿಲ್ಲವಂತೆ.

ಮಾರ್ಚ್ ೨೬, ಬುಧವಾರ

ಎಂಥ ಹುಡುಗಿ! ಎಂಥ ಹುಡುಗಿ ಇವಳು!

ಇವತ್ತು ಅವಳೇ ಒಂದು ವಿಡಿಯೊ ಮಾಡಿ ಕಳಿಸಿದ್ದಾಳೆ. ಒಲೆಯ ಮೇಲೆ ಒಂದೇ ಅಳತೆಯ ಎರಡು ಪಾತ್ರೆ. ಒಂದರಲ್ಲಿ ನಮ್ಮ ಕಡೆಯ ಪಶ್ಚಿಮದ ಸಮುದ್ರದ ನೀರು. ಇನ್ನೊಂದರಲ್ಲಿ ಅವಳ ದ್ವೀಪದ ನೀರು, ಅಜ್ಜಿ ಕಳೆದ ಸಲ ಬಂದಾಗ ಬಾಟಲಿಯಲ್ಲಿ ತುಂಬಿ ತಂದದ್ದು. ಒಂದೊಂದು ಲೀಟರ್. ಎರಡನ್ನೂ ಪೂರ್ತಿ ಆರುವ ತನಕ ಕುದಿಸಿದ್ದಾಳೆ. ಕೆರೆದು ತೆಗೆದರೆ ಇಲ್ಲಿಯ ಕಡಲಿನಲ್ಲಿ ಎರಡು ದೊಡ್ಡ ಚಮಚ ಉಪ್ಪು, ಅಲ್ಲಿಯದರಲ್ಲಿ ಒಂದು ಟೀ ಚಮಚದಷ್ಟು. ಕಾಣುವುದು ಅವಳ ಕೈಗಳು ಮಾತ್ರ. ಮಾತು ಅವಳದು:

"ಇದು ಇಲ್ಲಿನ್ ಕಡಲು. ಇದು ನಮ್ ಕಡಲು. ನಮ್ಮದಕ್ಕೆ ನದಿ ನೀರು ಜಾಸ್ತಿ ಬರುತ್ತೆ, ದೊಡ್ ಸಮುದ್ರದ ನೀರು ಒಳಗ್ ಬರೋಕೆ ಸಣ್ಣ ಸಣ್ಣ ದಾರಿ ಅಷ್ಟೇ. ಅದಕ್ಕೇ ನಮ್ ಕಡಲಲ್ಲಿ ಮುಳುಗಿ ಕಣ್ ಬಿಟ್ರೆ ಅಷ್ಟು ಉರಿಯಲ್ಲ."

ಕೆಳಗೆ ಬರೆದಿದ್ದಳು: "ಪರೀಕ್ಷೇಲಿ ಇದನ್ನೇ ಮಾಡ್ತೀನಿ. ಬರ್ತೀನಿ ಅಂತ ಅಮ್ಮಂಗೂ ಹೇಳಿದೀನಿ."

ಬರುತ್ತಾಳೆ! ಅಂಗಳಕ್ಕೆ ಹೋಗಿ ಗಾಳಿಯಲ್ಲಿ ಸುಮ್ಮನೆ ನಿಂತು ಬಂದೆ. ಇಂಥ ಸಂತೋಷ ನನಗೆ ಈಚೆಗೆ ಆದದ್ದೇ ನೆನಪಿಲ್ಲ.

ಮಾರ್ಚ್ ೨೮, ಶುಕ್ರವಾರ

ಎರಡು ದಿನದಿಂದ ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ನಾನು ಮಾಡಿದ ಯಾವುದೂ ಇದರ ಹತ್ತಿರಕ್ಕೆ ಬರುವುದಿಲ್ಲ. ಇಂಥದ್ದನ್ನು ನನ್ನ ಮೊಬೈಲಿನಲ್ಲೇ ಬಚ್ಚಿಟ್ಟರೆ ಯಾರಿಗೆ ಉಪಯೋಗ? ಮನೆಯಲ್ಲಿ ಮುದುರಿ ಕೂತ ಒಂದು ಹುಡುಗಿ ಇಷ್ಟು ಮಾಡಬಲ್ಲಳು ಅಂತ ಜನರಿಗೆ ತಿಳಿಯಬೇಡವೇ?

"ಎಲ್ಲರಿಗೂ ಹಾಕಲಾ?" ಅಂತ ಬೆಳಿಗ್ಗೆ ರೂನಾಳನ್ನು ಕೇಳಿದೆ. ಮಧ್ಯಾಹ್ನವಾದರೂ ಉತ್ತರವಿಲ್ಲ. ಮಲಗಿರುತ್ತಾಳೆ. ಆದರೆ ಶುಕ್ರವಾರ ಸಂಜೆ ಹಾಕಿದ್ದು ಓಡುವ ಹಾಗೆ ಬೇರೆ ಯಾವಾಗ ಹಾಕಿದ್ದೂ ಓಡುವುದಿಲ್ಲ. ಮುಖ ಇಲ್ಲ, ಹೆಸರಿಲ್ಲ. ಬೇಡ ಅನ್ನುವುದಾಗಿದ್ದರೆ ಇಷ್ಟು ಹೊತ್ತಿಗೆ ಅಂದಿರುತ್ತಿದ್ದಳು.

ಹಾಕಿದೆ.

ಮಾರ್ಚ್ ೩೦, ಭಾನುವಾರ

ಹೀಗೆ ಯಾವುದೂ ಓಡಿಲ್ಲ! ಕೋಪನ್‌ಹೇಗನ್ನಿನಿಂದ ಒಬ್ಬ ಪತ್ರಕರ್ತೆ ಬರೆದಿದ್ದಾಳೆ. ನಾರ್ವೆ, ಸ್ವೀಡನ್ನಿನ ಟೀಚರುಗಳು ತಮ್ಮ ಮಕ್ಕಳಿಗೆ ತೋರಿಸಿದರಂತೆ. ಮೊಬೈಲು ಮೇಜಿನ ಮೇಲೆ ಜೀವ ಬಂದ ಹಾಗೆ ನಡುಗುತ್ತಲೇ ಇದೆ. ಐಲರ್ ಅದರ ಮೇಲೆ ಕರವಸ್ತ್ರ ಹಾಕಿ, "ಊಟ ಮಾಡು" ಅಂದ. ಲಿವರ್ ಪೇಸ್ಟು ಹಚ್ಚಿದ ಬ್ರೆಡ್ಡು ಅರ್ಧಕ್ಕೇ ಬಿಟ್ಟು ಎದ್ದೆ.

ರೂನಾ ಇನ್ನೂ ಏನೂ ಹೇಳಿಲ್ಲ. ಖುಷಿಗೆ ಮಾತು ಹೊರಡುತ್ತಿಲ್ಲವೇನೋ.

ಏಪ್ರಿಲ್ ೧, ಮಂಗಳವಾರ

ಬೆಳಿಗ್ಗೆ ಒಂಬತ್ತನೇ ತರಗತಿಗೆ ಹೋದೆ. ಹಿಂದಿನ ಸಾಲಿನ ಹುಡುಗ ಬರ್ಟ್ರಾಮ್ ನೀರಿನ ಬಾಟಲಿ ಎತ್ತಿ ಹಿಡಿದು, ದನಿ ಎಳೆದು ಹಾಡಿದ: "ಇದೂ... ನಮ್... ಕಡಲೂ..."

ತರಗತಿ ಬಿದ್ದು ಬಿದ್ದು ನಕ್ಕಿತು.

ಮುಖ ಯಾರಿಗೆ ಬೇಕಿತ್ತು? ಇಡೀ ಲೆಮ್ವಿಗಿನಲ್ಲಿ ಹಾಗೆ ಮಾತಾಡುವ ಹುಡುಗಿ ಒಬ್ಬಳೇ. ಮೊದಲ ಮಾತಿಗೇ ಎಲ್ಲರಿಗೂ ಗೊತ್ತಾಗಿಹೋಗಿದೆ. ಬರ್ಟ್ರಾಮನನ್ನು ಹೊರಗೆ ಕಳಿಸಿದೆ. ಹೋಗುವಾಗ ಅವನು, "ನಾನೇನ್ ಮಾಡ್ದೆ? ಹಾಕಿದ್ದು ನೀನಲ್ವಾ?" ಅಂದ. ಉಡಾಫೆಯಿಂದ ಅಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದ.

ಸಂಜೆ ವಿಡಿಯೊದ ಕೆಳಗಿನ ಮಾತುಗಳನ್ನು ಹುಡುಕಿ ಹುಡುಕಿ ಓದಿದೆ. ಸಾವಿರಾರು ಒಳ್ಳೆಯ ಮಾತಿನ ನಡುವೆ ನಮ್ಮೂರಿನವು ಕೆಲವು: "ಹಾಡೋ ಹಕ್ಕಿ ವಾಪಸ್ ಬಂತು." ಆ ಕೆಲವನ್ನು ಅಳಿಸಿದೆ. ನಾಲ್ಕು ಕಪಿಗಳಿಗೋಸ್ಕರ ಎಲ್ಲವನ್ನೂ ತೆಗೆದುಹಾಕುವುದು ಸರಿಯಲ್ಲ. ಇವತ್ತು ನಾಳೆ ತಣ್ಣಗಾಗುತ್ತದೆ.

ಏಪ್ರಿಲ್ ೩, ಗುರುವಾರ

ಕಾರ್ನಾ ಕೆಲಸದಿಂದ ನೇರ ನಮ್ಮ ಮನೆಗೆ ಬಂದಳು. ರಬ್ಬರ್ ಬೂಟು ಕಳಚಲಿಲ್ಲ, ಒಳಗೂ ಬರಲಿಲ್ಲ. ಮಗಳ ಮಾತಿನ ಹಾಡೇ ತಾಯಿಯ ಮಾತಿನಲ್ಲೂ.

"ಮೂರ್ ದಿನದಿಂದ ಬಾಗಿಲು ತೆಗೆದಿಲ್ಲ ಅವಳು. ಬರ್ತೀನಿ ಅಂದಿದ್ಲು, ಗೊತ್ತಾ ನಿಂಗೆ? ಪರೀಕ್ಷೆಗೆ ಹಾಕ್ಕೊಳ್ಳೋಕೆ ಅಂಗಿ ತೆಗೆದಿಟ್ಟಿದ್ಲು."

"ಕಾರ್ನಾ, ನಾನು ಅವಳ ಒಳ್ಳೇದಕ್ಕೇ..."

"ಕೇಳಿದ್ಯಾ ಅವಳನ್ನ?"

"ಕೇಳಿದ್ದೆ. ಉತ್ತರ ಬರ್ಲಿಲ್ಲ."

"ಉತ್ತರ ಬರದಿದ್ರೆ ಹೂಂ ಅಂತ ಅರ್ಥನಾ? ನಿಮ್ ಶಾಲೇಲಿ ಹಂಗ್ ಕಲಿಸ್ತೀರಾ?" ಅವಳು ನನ್ನ ಕೈಯಲ್ಲಿದ್ದ ಮೊಬೈಲಿಗೆ ಬೆರಳು ತೋರಿಸಿದಳು. "ಅಳಿಸು. ಈಗಲೇ. ನಾನ್ ಇಲ್ಲೇ ನಿಂತಿರ್ತೀನಿ."

ಅವಳ ಎದುರಿಗೇ ಅಳಿಸಿದೆ. ಅವಳು ಹೋದ ಮೇಲೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತೆ. ನಾಚಿಕೆಗೆ ಅತ್ತೆ, ಅದು ನಿಜ. ಅಷ್ಟು ಜನರ ಅಷ್ಟು ಒಳ್ಳೆಯ ಮಾತೆಲ್ಲ ಒಂದು ಬೆರಳಿನಲ್ಲಿ ಹೋಯಿತಲ್ಲ ಅಂತಲೂ ಅತ್ತಿರಬೇಕು.

ರೂನಾಗೆ ಬರೆದೆ. ಸಂದೇಶ ಹೋಗಲಿಲ್ಲ. ನನ್ನನ್ನು ಬ್ಲಾಕ್ ಮಾಡಿಬಿಟ್ಟಿದ್ದಾಳೆ.

ಏಪ್ರಿಲ್ ೨೨, ಮಂಗಳವಾರ

ಈಸ್ಟರ್ ಕಳೆಯಿತು. ಏನೂ ಹಾಕುತ್ತಿಲ್ಲ. ಜನ ಕೇಳುತ್ತಿದ್ದಾರೆ, ಆ ಉಪ್ಪಿನ ಹುಡುಗಿ ಎಲ್ಲಿ ಅಂತ. ಬ್ರೆಡ್ಡಿನ ಹಿಟ್ಟು ಉಬ್ಬುವಾಗ ಒಂದು ಒಳ್ಳೆಯ ಪಾಠ ಹೊಳೆಯಿತು, ಮೊಬೈಲು ತೆಗೆದೆ, ಒಳಗಿಟ್ಟೆ. ಮತ್ತೆ ತೆಗೆದೆ. ಕಿಟಕಿ ಒರೆಸಿದೆ. ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು ಅನ್ನಿಸುತ್ತದೆ.

"ಹೋಗಿ ಆ ಹುಡುಗಿ ಎದುರಿಗೆ ನಿಂತು ಮಾತಾಡು. ತಲೇಲಿ ಹುಳ ಬಿಟ್ಕೊಂಡೋರ ಥರ ಆಡ್ಬೇಡ" ಅಂದ ಐಲರ್.

ಮೇ ೮, ಗುರುವಾರ

ಹೋದೆ, ಕಡೆಗೂ. ಬಂದರಿನ ಎದುರಿನ ಕೆಂಪು ಕಟ್ಟಡ, ನೆಲಮಹಡಿಯ ಮನೆ. ಬಾಗಿಲು ತೆಗೆಯಲಿಲ್ಲ, ಕಿಟಕಿ ತೆಗೆದಳು. ಅಕ್ಟೋಬರಿನಿಂದ ನೋಡಿರಲಿಲ್ಲ. ಎತ್ತರವಾಗಿದ್ದಾಳೆ, ಕೂದಲು ತಾನೇ ಕತ್ತರಿಸಿಕೊಂಡಂತಿದೆ. ನೀರಿನಿಂದ ಬೆಳಕು ಚಿಮ್ಮಿ ಅವಳ ಮುಖದ ಮೇಲೆ ಎಷ್ಟು ಚೆನ್ನಾಗಿ ಬೀಳುತ್ತಿತ್ತು!

"ತಪ್ಪಾಯ್ತು ರೂನಾ" ಅಂದೆ.

ಅವಳು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಮೊದಲನೇ ವಿಡಿಯೊ ಯಾರಿಗೆ ಅಂತ ಮಾಡಿದ್ದು?"

"ನಿನಗೆ."

"ಕೊನೇದು?"

"ಅದೂ... ನಿನ್ನಂಥೋರಿಗೇ."

"ನನ್ನಂಥೋರಿಗೆ" ಅಂತ ಅವಳು ನಿಧಾನವಾಗಿ ತಿರುಗಿ ಹೇಳಿದಳು. "ಆ ಹುಡುಗ್ರು ಹಾಕಿದಾಗ ಎಷ್ಟು ಅತ್ತಿದ್ದೆ ಗೊತ್ತಾ? ನೀನ್ ಹಾಕಿದಾಗ ಅಳೂನೇ ಬರ್ಲಿಲ್ಲ. ಅವರು ನಂಗೆ ಯಾರೂ ಅಲ್ಲ. ನಿಂಗೆ ನಾನು ದಿನಾ ಮಾತಾಡ್ತಿದ್ದೆ."

ಕಿಟಕಿಯ ಹತ್ತಿರಕ್ಕೆ ಹೋದೆ. ಕಡಲಹಕ್ಕಿಗಳು ಅರಚುತ್ತಿದ್ದವು.

"ಪರೀಕ್ಷೆ ಬಿಡ್ಬೇಡ. ನನ್ ಮೇಲಿನ್ ಸಿಟ್ಟಿಗೆ ಅದನ್ನ ಬಿಡ್ಬೇಡ" ಅಂದೆ. ಬೇಡಿಕೊಂಡೆ ಅಂತಲೇ ಬರೆಯಬೇಕು.

"ಬರ್ತೀನಿ. ಆದ್ರೆ ಆ ಕೋಣೇಲಿ ನೀನ್ ಇರ್ಬಾರ್ದು."

ಕಿಟಕಿ ಮುಚ್ಚಿದಳು.

ಮೇ ೯, ಶುಕ್ರವಾರ

ಕಲಿಸಿದ ಟೀಚರೇ ಪರೀಕ್ಷೆಯಲ್ಲಿ ಕೂರುವುದು ನಮ್ಮಲ್ಲಿಯ ಪದ್ಧತಿ, ಪಕ್ಕದಲ್ಲಿ ಬೇರೆ ಊರಿನ ಪರೀಕ್ಷಕರು. ನಾನಿಲ್ಲದೆ ಅವಳು ತಡವರಿಸಿದರೆ ಕೈ ಹಿಡಿಯುವವರು ಯಾರು? ಕ್ರೆಸ್ಟೆನ್‌ಗೆ ಎಲ್ಲ ಹೇಳಿದೆ. ಗೇಲಿ ಮಾಡುತ್ತಾನೆ ಅಂದುಕೊಂಡಿದ್ದೆ, ಮಾಡಲಿಲ್ಲ.

"ನಾನ್ ಕೂತ್ಕೋತೀನಿ, ಮುಖ್ಯೋಪಾಧ್ಯಾಯರಿಗೂ ನಾನೇ ಹೇಳ್ತೀನಿ. ನೀನ್ ಆ ಕಡೆ ಬರ್ಬೇಡ. ಬಾಗಿಲ ಸಂದೀಲಿ ಇಣುಕೋದೂ ಬೇಡ, ತಿಳೀತಾ?"

"ನಾನೇನ್ ಮಗುನಾ?"

"ಮಗು ಆಗಿದ್ರೆ ನಿನ್ ಮೊಬೈಲನ್ನೂ ಪೆಟ್ಟಿಗೆಗೆ ಹಾಕಿಸ್ಬೋದಿತ್ತು" ಅಂದ.

ಜೂನ್ ೧೧, ಬುಧವಾರ

ಬೆಳಗಿನಿಂದ ಒಂದು ಕಡೆ ಕೂರಲಾಗಲಿಲ್ಲ. ನನ್ನ ಉಳಿದ ಮಕ್ಕಳ ಪರೀಕ್ಷೆ ನಿನ್ನೆಯೇ ಮುಗಿದಿತ್ತು. ಇವತ್ತಿನ ಕೊನೆಯ ಹೊತ್ತು ರೂನಾಳದು. ಕೊಟ್ಟ ಮಾತಿನಂತೆ ಆ ಕಡೆ ಹೋಗಲಿಲ್ಲ. ಮೇಲಿನ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುತ್ತಿದ್ದೆ, ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದೆ. ಅಲ್ಲಿಯ ಕಿಟಕಿಯಿಂದ ಅಂಗಳ ಕಾಣುತ್ತದೆ.

ಬಂದಳು. ತಾಯಿಯ ಪಕ್ಕದಲ್ಲಿ, ಎರಡು ಕೈಯಲ್ಲೂ ಬಾಟಲಿ ಹಿಡಿದುಕೊಂಡು, ನೆಲ ನೋಡುತ್ತಾ ಬಂದಳು. ಅಂಗಳದಲ್ಲಿ ಬರ್ಟ್ರಾಮನ ಗುಂಪು ಕೂತಿತ್ತು. ಅವಳು ತಲೆ ಎತ್ತಿ ಅವರ ನಡುವೆಯೇ ದಾಟಿ ಒಳಗೆ ಹೋದಳು. ಒಬ್ಬರೂ ಹಾಡಲಿಲ್ಲ.

ಆಮೇಲಿನ ಹೊತ್ತು ಹೇಗೆ ಕಳೆಯಿತು ಅಂತ ಬರೆಯಲಾರೆ. ಅಂಗಳದ ಬಾಗಿಲ ಹೊರಗೆ ಕಾರ್ನಾ, ಸಂಭ್ರಮದ ದಿನ ನಮ್ಮವರು ಹಿಡಿಯುವ ಕಡ್ಡಿಯ ಪುಟ್ಟ ಧ್ವಜ ಹಿಡಿದು ನಿಂತಿದ್ದಳು. ದ್ವೀಪದಿಂದ ಅಜ್ಜಿಯೂ ಬಂದಿದ್ದಳು, ಹೂಗುಚ್ಛದ ಜೊತೆ. ಬಾಗಿಲು ತೆರೆಯಿತು. ರೂನಾ ಹೊರಗೆ ಬಂದವಳೇ ಓಡಿಹೋಗಿ ಅಜ್ಜಿಯ ಕೊರಳಿಗೆ ಬಿದ್ದಳು. ಮೂವರೂ ಒಟ್ಟಿಗೆ ಮಾತಾಡುತ್ತಿದ್ದರು, ಮುಚ್ಚಿದ ಕಿಟಕಿಯೊಳಗೂ ಆ ಹಾಡು ಕೇಳಿಸುತ್ತಿತ್ತು.

ಆಮೇಲೆ ಕ್ರೆಸ್ಟೆನ್ ಮೇಲೆ ಬಂದ.

"ಅಷ್ಟೇನೂ ಕೆಟ್ಟದಾಗ್ ಮಾಡ್ಲಿಲ್ಲ" ಅಂದ. ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. "ಹನ್ನೆರಡಕ್ಕೆ ಹತ್ತು. ಮೊದಲು ಸ್ವಲ್ಪ ನಡುಗಿದ್ಲು, ಉಪ್ಪು ಕೆರೆಯೋಕೆ ಶುರು ಮಾಡಿದ್ಮೇಲೆ ನಿಲ್ಲಿಸೋರೇ ಇಲ್ಲ. ಹೊರಗಿನ ಪರೀಕ್ಷಕಿ ಕೇಳಿದ್ಲು, ಶಾಲೆಗೇ ಬರದೆ ಇಷ್ಟೆಲ್ಲ ಯಾರ್ ಕಲಿಸಿದ್ದು ನಿಂಗೆ ಅಂತ."

"ಏನಂದ್ಲು?"

"ವಿಬೆಕೆ, ಅಂದ್ಲು. ಅಷ್ಟೇ. ಮತ್ತೇನೂ ಹೇಳ್ಲಿಲ್ಲ."

ಅಳು ತಡೆಯಲಾಗಲಿಲ್ಲ. ಕ್ರೆಸ್ಟೆನ್ ನನ್ನ ಭುಜ ತಟ್ಟಿ ಹೊರಟುಹೋದ. ಅವಳು ಬಂದಳು, ಗೆದ್ದಳು, ಇನ್ನು ಮುಂದೆ ಓದುತ್ತಾಳೆ. ನನ್ನ ಹತ್ತಿರ ಮಾತಾಡದಿದ್ದರೂ ಸರಿ. ನನಗೆ ಇಷ್ಟು ಸಾಕು.

ಅವರು ಅಂಗಳದಲ್ಲಿ ತಬ್ಬಿಕೊಂಡು ನಿಂತಾಗ ಮೇಲಿನ ಕಿಟಕಿಯಿಂದ ಒಂದು ಸಣ್ಣ ತುಣುಕು ಹಿಡಿದೆ. ದೂರದಿಂದ, ಬೆನ್ನು ಮಾತ್ರ ಕಾಣುತ್ತದೆ. ಧ್ವಜ ಗಾಳಿಗೆ ಪಟಪಟ ಅನ್ನುತ್ತದೆ, ಅಜ್ಜಿಯ ಕೈ ಅವಳ ಕೂದಲಿನಲ್ಲಿದೆ. ಇದು ನನಗೋಸ್ಕರ ತೆಗೆದದ್ದು, ನೆನಪಿಗೆ. ಶುರುವಿನಲ್ಲಿ ಸ್ವಲ್ಪ ಅಲುಗಾಡಿತ್ತು, ಅದನ್ನಷ್ಟು ಕತ್ತರಿಸಿದೆ. ಬೆಳಕನ್ನು ಒಂದಿಷ್ಟು ಹೆಚ್ಚಿಸಿದೆ. ಎಲ್ಲಿಯೂ ಹಾಕಿಲ್ಲ, ಇನ್ನೂ.